ಅರ್ಜೆಂಟ್ ಅನ್ನದವರ ಬ್ಲೌಸ್

ಹೋದ ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ನಾನೊಂದು ಸುಳ್ಳು ಹೇಳಿದೆ.

"ಹುಕ್ಸ್ ಹಾಕೋದೊಂದೇ ಬಾಕಿ ಜಯಮ್ಮನೋರೆ. ಸೋಮವಾರ ಬಂದ್ಬಿಡಿ."

ಹುಕ್ಸ್ ಹಾಗಿರಲಿ, ಆ ಬಟ್ಟೆಗೆ ಇನ್ನೂ ಕತ್ತರಿಯೇ ತಾಗಿರಲಿಲ್ಲ. ಅಳತೆಗೆಂದು ಕೊಟ್ಟ ಹಳೇ ಬ್ಲೌಸಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ತಂದುಕೊಟ್ಟ ಹಾಗೇ ಬಿದ್ದಿತ್ತು.

ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ, ಹುಣಸೂರಿನಲ್ಲಿ ನನ್ನದೊಂದು ಲೇಡೀಸ್ ಟೈಲರಿಂಗ್ ಅಂಗಡಿ. ಕಟಿಂಗ್ ನನ್ನದು, ಹೊಲಿಗೆ ಮಂಜುಳಾಳದು. ಇಬ್ಬರೇ. ಇಬ್ಬರು ಮಾಡಬಹುದಾದ ಕೆಲಸ ಎಷ್ಟು ಅಂತ ನನಗೆ ಚೆನ್ನಾಗಿ ಗೊತ್ತು. ಆದರೂ ಬಂದವರಿಗೆಲ್ಲ ಹೂಂ ಅನ್ನುತ್ತೇನೆ. (ಇಲ್ಲ ಅಂದರೆ ಎದುರುಗಡೆ ಇನ್ನೊಬ್ಬ ಟೈಲರ್ ಬೋರ್ಡು ಕಾಣುತ್ತದಲ್ಲ, ಅದೇ ಕಾರಣ.) ಹೂಂ ಅಂದ ಮೇಲೆ ಕೊಡಲಾಗದ ದಿನ ಹುಕ್ಸಿನ ಸುಳ್ಳು. ನೀವೂ ಈ ಸುಳ್ಳನ್ನು ಕೇಳಿರುತ್ತೀರಿ. ಬಹುಶಃ ನನ್ನ ಬಾಯಿಂದಲೇ.

ಆ ವಾರ ನಮ್ಮ ತಲೆ ಮೇಲೆ ಕುಳಿತಿದ್ದವರು ಕೆ.ಆರ್. ನಗರದ ಸುಧಾ ಮೇಡಂ. ಅವರ ಮಗಳ ಮದುವೆಗೆ ಆರು ಬ್ಲೌಸ್. ಭಾನುವಾರವೇ ಮುಹೂರ್ತ ಅಂದಿದ್ದರು. ದಿನಕ್ಕೆ ನಾಲ್ಕು ವಾಯ್ಸ್ ಮೆಸೇಜ್, ಎರಡು ವಿಡಿಯೋ ಕಾಲ್. "ಮೇಡಂ, ಮರ್ಯಾದೆ ಪ್ರಶ್ನೆ" ಅಂತ ಶುರುವಾಗಿ "ಮರೀಬೇಡಿ" ಅಂತ ಮುಗಿಯುತ್ತಿತ್ತು. ಹಾಗಾಗಿ ಉಳಿದವರ ಕವರುಗಳನ್ನೆಲ್ಲ ಬೀರುವಿನ ಮೇಲಿನ ಅರೆಗೆ ಹತ್ತಿಸಿದ್ದೆ.

ಜಯಮ್ಮನಿಗೆ ನಾನು ವಾಪಸ್ ಹೋಗಿ ಅಂದದ್ದು ಅದು ನಾಲ್ಕನೇ ಸಲ. ಬಿಳಿಕೆರೆಯಿಂದ ಒಳಗಿನ ಹಳ್ಳಿಯವರು. ಬಂದು ಬೆಂಚಿನ ಮೇಲೆ ಸೆರಗು ಹೊದ್ದು ಕೂರುತ್ತಿದ್ದರು. "ಆಯ್ತೇನವ್ವ?" ಅಂತ ಒಂದೇ ಸಲ ಕೇಳುವುದು. ಇಲ್ಲ ಅಂದರೆ ಎದ್ದು ಹೋಗುವುದು. ಹೆಂಗಸರಿಗೆ ಬಸ್ಸು ಹೇಗೂ ಫ್ರೀ, ಇನ್ನೊಂದು ಸಲ ಬಂದರೆ ಏನಾಯಿತು ಅಂತ ನಾನು ಅಂದುಕೊಂಡದ್ದೂ ಉಂಟು. ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ.

ಶುಕ್ರವಾರವೂ ಅವರು ಜಗಳ ಮಾಡಲಿಲ್ಲ.

"ಸೋಮವಾರವಾ?" ಅಂದರು. "ಸರಿ ಬುಡವ್ವ. ನಿಂಗೂ ಕೆಲ್ಸ ಜಾಸ್ತಿ. ಕರೀ ಬ್ಲೌಸೊಂದದೆ, ಅದ್ನೇ ಆಕ್ಕತ್ತೀನಿ."

ಅವರು ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಕಡೆ ತಿರುಗಿದ ಮೇಲೆ ಮಂಜುಳಾ ಮಿಷನ್ ನಿಲ್ಲಿಸಿದಳು.

"ಅಕ್ಕ, ಅವ್ರು ಸೋಮವಾರ ಬಂದು ಏನ್ ಮಾಡ್ತಾರೆ? ನಾಳೆ ಅಲ್ವಾ ಅವ್ರ ಫಂಕ್ಷನ್ನು?"

"ಯಾವ ಫಂಕ್ಷನ್ನು?"

"ಸ್ಕೂಲಲ್ಲಿ ಬಿಸಿಯೂಟ ಮಾಡೋರು ಕಣಕ್ಕ ಅವ್ರು. ಅರವತ್ತಾಯ್ತಂತೆ, ನಾಳೆ ಬೀಳ್ಕೊಡುಗೆ. ಆ ಬ್ಲೌಸಿನ ಸೀರೆ ಟೀಚರ್‌ಗಳು, ಮಕ್ಕಳು ಸೇರಿ ಕೊಡ್ಸಿರೋದು. ಅದನ್ನೇ ಉಟ್ಕೊಂಡ್ ಬರ್ಬೇಕು ಅಂತ ಮಕ್ಕಳು ಮಾತು ತಗಂಡವ್ರಂತೆ."

"ಮತ್ತೆ ಅವ್ರು ನಂಗ್ಯಾಕೆ ಹೇಳ್ಲಿಲ್ಲ?"

"ನಾನು ಕೇಳ್ದೆ, ಹೇಳಿದ್ರು. ನೀವು ಕೇಳ್ಲಿಲ್ವಲ್ಲಕ್ಕ."

ಹೊರಗೆ ಓಡಿ ನೋಡಿದೆ, ಅವರು ಸಿಗಲಿಲ್ಲ. ಪುಸ್ತಕದಲ್ಲಿ ಬರೆದುಕೊಂಡಿದ್ದ ನಂಬರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್.

ಮೇಜಿನ ಮೇಲೆ ಸುಧಾ ಮೇಡಂ ಅವರ ಮಗಳ ರೇಷ್ಮೆ ಹರಡಿಕೊಂಡಿತ್ತು. ಅದನ್ನು ಮಡಿಸಿ ಪಕ್ಕಕ್ಕಿಟ್ಟೆ. ಮೇಲಿನ ಅರೆಯಿಂದ ಜಯಮ್ಮನ ಕವರ್ ಇಳಿಸಿ ಕತ್ತರಿ ಹಿಡಿದೆ. ಸುಧಾ ಮೇಡಂದು ಆರು ಬ್ಲೌಸಿನ ಆರ್ಡರು, ಹಿಂದೆಯೇ ಅವರ ನೆಂಟರಿಷ್ಟರದ್ದೂ ಬರುವುದಿತ್ತು. ಭಾನುವಾರಕ್ಕೆ ಒಂದು ಕಡಿಮೆಯಾದರೂ ಇಡೀ ಕೆ.ಆರ್. ನಗರಕ್ಕೆ ನನ್ನ ಹೆಸರು ಗೊತ್ತಾಗುತ್ತದೆ, ಬೇಡದ ಕಾರಣಕ್ಕೆ.

ಬಟ್ಟೆ ಕತ್ತರಿಸಿ ಮಂಜುಳಾಳ ಕೈಗೆ ಕೊಟ್ಟ ಮೇಲೆ ಧೈರ್ಯ ತಂದುಕೊಂಡು ಸುಧಾ ಮೇಡಂಗೆ ಫೋನ್ ಮಾಡಿದೆ. ಹುಕ್ಸಿನ ಕಥೆ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಮೇಡಂ, ನಿಜ ಹೇಳ್ತೀನಿ. ನಾಲ್ಕು ರೆಡಿ ಇದೆ. ಇನ್ನೆರಡು ಭಾನುವಾರ ಬೆಳಿಗ್ಗೆಗೆ ಆಗೋದು ಕಷ್ಟ."

ನಾನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ.

"ಅಯ್ಯೋ, ಬಿಡಿ ಮೇಡಂ" ಅಂದರು. ದನಿ ಸಣ್ಣದಾಗಿತ್ತು. "ಮದುವೆ ಇನ್ನೂ ಮುಂದಿನ ಭಾನುವಾರ."

"ಏನಂದ್ರಿ?"

"ನೀವು ಟೈಲರ್‌ಗಳು ಹೇಗೂ ಒಂದು ವಾರ ಲೇಟ್ ಮಾಡ್ತೀರಲ್ಲ. ಅದಕ್ಕೆ ನಮ್ಮನೇಲಿ ಎಲ್ಲಾ ಮಾತಾಡ್ಕೊಂಡು ಒಂದು ವಾರ ಮುಂಚಿನ ಡೇಟ್ ಹೇಳಿದ್ವಿ. ಬೇಜಾರ್ ಮಾಡ್ಕೋಬೇಡಿ."

ಬೇಜಾರು ಎಲ್ಲಿ ಬಂತು? ನಾನು ಸ್ಟೂಲಿನ ಮೇಲೆ ಕೂತು ನಗಲು ಶುರು ಮಾಡಿದೆ. ಆ ಕಡೆಯಿಂದ ಅವರೂ ನಕ್ಕರು. ನಾನು ಅವರಿಗೆ ಸುಳ್ಳು ಹೇಳುತ್ತೇನೆಂದು ಅವರು ನನಗೆ ಸುಳ್ಳು ಹೇಳಿದ್ದರು. ಈ ಎರಡು ಸುಳ್ಳಿನ ನಡುವೆ ಸಿಕ್ಕಿಕೊಂಡದ್ದು ಸುಳ್ಳೇ ಹೇಳದ ಹೆಂಗಸು.

ಸಂಜೆ ಏಳಕ್ಕೆ ಬ್ಲೌಸ್ ಸಿದ್ಧವಾಯಿತು. ಹುಕ್ಸ್ ಸಮೇತ.

ಶನಿವಾರ ಬೆಳಿಗ್ಗೆ ಸ್ಕೂಟರ್ ಹತ್ತಿ ಬಿಳಿಕೆರೆ ದಾರಿ ಹಿಡಿದೆ. ಅಲ್ಲಿಂದ ಕೇಳಿಕೊಂಡು ಶಾಲೆ ಮುಟ್ಟುವಾಗ ಎಂಟೂವರೆ. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಅಂಗಳದಲ್ಲಿ ಮಕ್ಕಳು ಕುರ್ಚಿ ಜೋಡಿಸುತ್ತಿದ್ದರು. ಜಯಮ್ಮ ಎಲ್ಲಿ? ಅಡುಗೆ ಮನೆಯಲ್ಲಿ, ಹಳೇ ನೂಲಿನ ಸೀರೆಯಲ್ಲಿ, ಸೌಟು ಹಿಡಿದು ಬಿಸಿಬೇಳೆಬಾತ್ ತಿರುವುತ್ತಿದ್ದರು. ತಮ್ಮ ಬೀಳ್ಕೊಡುಗೆಯ ಅಡುಗೆ ತಾವೇ ಮಾಡುತ್ತಿದ್ದರು. ಹೊಸ ಸೀರೆಯೂ ಕರಿ ಬ್ಲೌಸೂ ಒಂದು ಬ್ಯಾಗಿನಲ್ಲಿ ಗೂಟಕ್ಕೆ ತೂಗುತ್ತಿದ್ದವು.

ನನ್ನನ್ನು ನೋಡಿ ಗಾಬರಿಯಾದರು. "ಯಾಕವ್ವ, ಏನಾಯ್ತು?"

ಕವರ್ ಕೊಟ್ಟೆ. ತೆರೆದು ನೋಡಿದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬ್ಲೌಸಿನ ಅಂಚು ಮುಟ್ಟಿದರು.

"ಅಷ್ಟ್ ದೂರದಿಂದ ಬರೋದಾ? ಕರೀದು ಎಲ್ಲಕ್ಕೂ ಒಂತದೆ ಕಣವ್ವ."

"ಇವತ್ತಿಗೆ ಹೊಂದಲ್ಲ ಜಯಮ್ಮನೋರೆ. ಮೊದ್ಲು ಹಾಕ್ಕೊಂಡು ನೋಡಿ."

ಸ್ಟೋರ್ ರೂಮಿಗೆ ಹೋದವರು ಬಾಗಿಲು ಸಂದಿಯಿಂದ ಕರೆದರು. "ಕಂಕುಳತ್ರ ಬಿಗಿ ಆಯ್ತದಲ್ಲವ್ವ."

ಹೋಗಿ ನೋಡಿದೆ. ಬಿಗಿಯೇ. "ಅಳತೆಗೆ ಕೊಟ್ಟಿದ್ರಲ್ಲ, ಆ ಬ್ಲೌಸ್ ಯಾವಾಗ ಹೊಲ್ಸಿದ್ದು?"

"ನನ್ ತಮ್ಮನ್ ಮದ್ವೇಲಿ."

"ತಮ್ಮಂಗೆ ಮಕ್ಕಳೆಷ್ಟು?"

"ದೊಡ್ಡೋಳು ಈಗ ಕಾಲೇಜು."

ಇಬ್ಬರೂ ಅಕ್ಕಿ ಮೂಟೆಗೆ ಒರಗಿ ನಕ್ಕೆವು. ಒಳಗೆ ಬಟ್ಟೆ ಜಾಸ್ತಿ ಬಿಟ್ಟೇ ಹೊಲಿದಿದ್ದೆವು, ಹಾಗಾಗಿ ಮಾನ ಉಳಿಯಿತು. ಬ್ಲೇಡಿನಲ್ಲಿ ಪಕ್ಕದ ಹೊಲಿಗೆ ಬಿಚ್ಚಿ, ಅಲ್ಲೇ ಕೂತು ಕೈಯಲ್ಲಿ ಹೊಲಿದು ಕೊಟ್ಟೆ. ಅಷ್ಟರಲ್ಲಿ ಬಾತ್ ತಳ ಹಿಡಿಯಿತೇನೋ ಅಂತ ಅವರು ಎರಡು ಸಲ ಓಡಿದರು.

ಹೆಡ್ ಮೇಡಂ ನನ್ನನ್ನು ಬಿಡಲಿಲ್ಲ, ಕೂರಿಸಿಕೊಂಡರು. ಹೂವಿನ ಹಾರ, ಹಣ್ಣಿನ ತಟ್ಟೆ, ಮಾತುಗಳು. ಐದನೇ ಕ್ಲಾಸಿನ ಒಬ್ಬ ಹುಡುಗಿ ಚೀಟಿ ನೋಡದೆ ಹೇಳಿದಳು: "ಜಯಮ್ಮಜ್ಜಿ ಹತ್ರ ಎರಡನೇ ಸಲ ಅನ್ನ ಕೇಳುದ್ರೆ ಯಾವತ್ತೂ ಇಲ್ಲ ಅಂದಿಲ್ಲ."

ನಾನು ನಾಲ್ಕು ಸಲ ಇಲ್ಲ ಅಂದಿದ್ದೆ. ತಲೆ ತಗ್ಗಿಸಿ ಕೂತೆ. ಜಯಮ್ಮ ಮಾತ್ರ ಹೊಸ ಸೀರೆಯಲ್ಲಿ ನೆಟ್ಟಗೆ ಕೂತು, ಆ ಹುಡುಗಿಗೆ ಇಳಿದು ಹೋಗು, ಊಟಕ್ಕೆ ಹೊತ್ತಾಯಿತು ಅಂತ ಕೈಸನ್ನೆ ಮಾಡುತ್ತಿದ್ದರು.

ಸೋಮವಾರದಿಂದ ಅಂಗಡಿಯಲ್ಲಿ ಒಂದು ಬದಲಾವಣೆ. ಯಾವತ್ತು ಬೇಕು ಅಂತ ನಾನೀಗ ಮೊದಲು ಕೇಳುವುದಿಲ್ಲ. ಯಾವುದಕ್ಕೆ ಹಾಕಿಕೊಳ್ಳುತ್ತೀರಿ ಅಂತ ಕೇಳುತ್ತೇನೆ. ಉತ್ತರಗಳು ಮಜವಾಗಿವೆ. ಅರ್ಜೆಂಟ್ ಅಂತ ಬಂದ ಒಬ್ಬರು ಐದು ನಿಮಿಷ ಯೋಚಿಸಿ "ಸುಮ್ನೆ ಹೊಲ್ಸಿ ಇಟ್ಕೊಳ್ಳೋದಕ್ಕೆ" ಅಂದರು. ಇನ್ನೊಬ್ಬರು, ನಾದಿನಿ ಬರುವುದರೊಳಗೆ ಆಗಬೇಕು ಅಂತ ಪಿಸುಗುಟ್ಟಿದರು. (ಅದನ್ನು ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಂಡಿದ್ದೇನೆ, ಅದು ನಿಜಕ್ಕೂ ಅರ್ಜೆಂಟ್.) ಹನ್ನೆರಡು ದಿನ ಆಗುತ್ತದೆ ಅಂತ ನಿಜ ಹೇಳಿದ್ದಕ್ಕೆ ಒಬ್ಬರು ಕವರ್ ವಾಪಸ್ ತಗೊಂಡು ಎದುರಿನ ಬೋರ್ಡಿನ ಕಡೆ ನಡೆದರು. ಹೊಟ್ಟೆ ಉರಿಯಿತು. ನಿದ್ದೆ ಮಾತ್ರ ಚೆನ್ನಾಗಿ ಬಂತು.

ಟೈಲರ್ ಒಬ್ಬಳ ಕಥೆ ಬಿಡಿ. ಗ್ಯಾರೇಜೋ, ಪ್ರಿಂಟಿಂಗ್ ಪ್ರೆಸ್ಸೋ, ಕ್ಲಿನಿಕ್ಕೋ ಇಟ್ಟುಕೊಂಡಿರುವ ನೀವು ಹೇಳಿ: ಒಂದೂ ಮಿಸ್ಡ್ ಕಾಲ್ ಕೊಡದವರನ್ನು ನೀವಾಗಿಯೇ ವಿಚಾರಿಸಿ ಎಷ್ಟು ದಿನವಾಯಿತು?