ಸಣ್ಣ ದನಿ ಮತ್ತು ರಾಜೇಸಾಬರು

ರಿಪೇರಿಯಾದ ಸ್ಪೀಕರಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುವುದು ರಾಜೇಸಾಬರ ರೂಢಿ. ಇಂಡಿ ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಅವರ ಅಂಗಡಿಯಲ್ಲಿ ಅದನ್ನು ನೋಡಿದ ನಾವೆಲ್ಲ ಕಸುಬುದಾರನ ಗತ್ತು ಅಂದುಕೊಂಡಿದ್ದೆವು. ಮಾತಂತೂ ಜೋರು. ಪಕ್ಕದಲ್ಲಿ ಕೂತವರಿಗೂ ಹೊಲದಾಚೆಯವರನ್ನು ಕರೆದಂತೆ ಹೇಳುತ್ತಿದ್ದರು: "ದನಿ ಏರಸೂದು ಯಾರಿಗರ ಬರ್ತೈತಿ. ಇಳಸೂದ ಕಸಬು!"

ನನ್ನ ಹೆಂಡತಿ ಕಸ್ತೂರಿಯ ತಲೆಯಲ್ಲಿ ಗಡ್ಡೆ ಬೆಳೆದು, ಡಾಕ್ಟರು ಮನೆಗೆ ಕರೆದೊಯ್ಯಿರಿ ಅಂದುಬಿಟ್ಟ ದಿನಗಳವು. ಪಾತ್ರೆ ಸದ್ದಾದರೂ ನರಳುತ್ತಿದ್ದಳು. ಆದರೂ ತವರಿನಲ್ಲಿ ತೀರಿಹೋದ ಅಪ್ಪ ಹಾಡಿದ್ದ ಭಜನೆ ಕೇಳುವಾಸೆ. ಅದರ ರೆಕಾರ್ಡಿಂಗ್ ಮೊಬೈಲಿನಲ್ಲಿ ಕೀರಲು. ಮನೆಯ ಹಳೆಯ ಆಂಪ್ಲಿಫೈಯರಿಗೆ ಜೋಡಿಸಿದರೆ ಎಷ್ಟು ತಗ್ಗಿಸಿದರೂ ಅವಳಿಗೆ ಜೋರು.

"ಅದರ ಮುಂದ ದನಿ ಹದ ಮಾಡೂ ಡಬ್ಬಿ, ಒಂದು ಪ್ರಿಆಂಪ್ ಬೇಕ್ರಿ ಸರ," ಅಂದರು ರಾಜೇಸಾಬರು. "ಅದರಾಗ ಎರಡು ನಮೂನಿ. ಪ್ಯಾಸಿವ್ ಅಂದ್ರ ಬರೇ ನಳ, ಬಂದದ್ದನ್ನ ಹಿಡದು ಬಿಡತೈತಿ. ಆಕ್ಟಿವ್ ಅಂದ್ರ ನಡುವ ಮೋಟರ ಇದ್ದಂಗ, ದಮ್ಮ ಕೊಡತೈತಿ. ಆಕ್ಟಿವ್ನ ಮಾಡ್ತೇನಿ."

ಮಾಡಿ ತಂದು ಜೋಡಿಸಿದರು. ಹಾಡು ಶುರುವಾಯಿತು. ನುಡಿ ಮುಗಿದು ದನಿ ನಿಂತಾಗ ಕಸ್ತೂರಿ ಹಣೆ ಹಿಡಿದುಕೊಂಡಳು.

"ಚಾಚಾ, ಸುಂಯ್ ಅಂತೈತ್ರಿ."

"ಎಲ್ಲಿ ತಂಗಿ?"

ಸ್ಪೀಕರಿನ ಮೇಲೆ ಅಂಗೈ ಇಟ್ಟರು. ಬಾಗಿಲಲ್ಲಿದ್ದ ನನಗೂ ಆ ಸುಂಯ್ ಸ್ಪಷ್ಟವಾಗಿ ಕೇಳುತ್ತಿತ್ತು. ಬಹಳ ಹೊತ್ತು ಕೈ ತೆಗೆಯಲಿಲ್ಲ ಅವರು.

"ನನಗ ಕೇಳಸೂದಿಲ್ಲವ್ವ," ಅಂದರು, ಮೊದಲ ಸಲ ಮೆಲ್ಲಗೆ. "ಮದವಿ, ಉರುಸು ಅಂತ ಭೋಂಗಾ ಸ್ಪೀಕರಿನ ಬಾಯಾಗ ನಿಂತು ನಿಂತು ಕಿವಿ ಹೋಗ್ಯಾವ. ಯಾರಿಗೂ ಹೇಳಿರಲಿಲ್ಲ."

ಮರುದಿನ ಸುಂಯ್ ಅನ್ನದ ಪ್ಯಾಸಿವ್ ಡಬ್ಬಿ ತಂದರು. ತಂತಿ ಉದ್ದವಾದರೆ ಇದರಲ್ಲಿ ದನಿ ಮಬ್ಬಾಗುತ್ತದೆಂದು ಆಂಪ್ಲಿಫೈಯರನ್ನೇ ಮಂಚದ ಪಕ್ಕಕ್ಕೆ ಎಳೆದು, ತಂತಿಯನ್ನು ಗೇಣುದ್ದಕ್ಕೆ ಕತ್ತರಿಸಿದರು. ಕಸ್ತೂರಿ ತಾನೇ ಗುಂಡಿ ತಿರುಗಿಸಿ ತಗ್ಗಿಸುತ್ತ ಹೋದಳು. ಅವರು ಸ್ಪೀಕರ್ ಮುಟ್ಟಲಿಲ್ಲ, ಅವಳ ಮುಖವನ್ನೇ ನೋಡುತ್ತ ಕೂತರು. ಅವಳ ತುಟಿ ಹಾಡಿನ ಜೊತೆ ಅಲುಗತೊಡಗಿದಾಗ, "ಆತು," ಅಂದು ಎದ್ದರು.

ಅದೇ ವಾರ ಅಂಗಡಿ ಮುಚ್ಚಿದರು. "ಕಿವಿ ಇಲ್ಲದಾಂವ ದನಿ ಸರಿ ಐತಿ ಅಂತ ಪಾಸ್ ಮಾಡಬಾರದ್ರಿ ಸರ," ಅಂದು ಬಸವನ ಬಾಗೇವಾಡಿಯ ಮಗಳ ಮನೆಗೆ ಹೋದರು. ತಿಂಗಳೊಪ್ಪತ್ತಿನಲ್ಲಿ ಕಸ್ತೂರಿ ತೀರಿಕೊಂಡಳು. ಅವರಿಗೆ ಸುದ್ದಿ ಮುಟ್ಟಿಸುವಷ್ಟು ಎಚ್ಚರ ನನಗಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಅವರನ್ನು ನೋಡಲು ಹೋದೆ. ಕಟ್ಟೆಯ ಮೇಲೆ ಕೂತಿದ್ದರು. ಕಿವಿ ಪೂರ್ತಿ ಹೋಗಿತ್ತು. ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡರು.

"ತಂಗಿ ಹ್ಯಾಂಗದಾಳ್ರಿ ಸರ?"

"ಹೋದಳು ಚಾಚಾ," ಅಂದೆ.

ನನ್ನ ತುಟಿ ನೋಡಿದರು. ಏನು ತಿಳಿಯಿತೋ, ಮುಖ ಅರಳಿತು.

"ಆರಾಮ ಅದಾಳ? ಚಲೋ ಆತ ಬಿಡ್ರಿ."

ಎರಡನೇ ಸಲ ಹೇಳಲು ನನ್ನಿಂದಾಗಲಿಲ್ಲ.