ಖಾಲಿ ಸರದಿ

ನಮ್ಮದು ಮದುವೆ ಮೆರವಣಿಗೆಯ ಬ್ಯಾಂಡ್ ಅಲ್ಲ, ಹಳೇ ಕಾಲದ ಜಾಝ್ ಬ್ಯಾಂಡ್. ಜೀವಮಾನವಿಡೀ ಇದನ್ನು ಹೇಳಿ ಹೇಳಿ ಸಾಕಾಗಿದೆ. ನಜರ್‌ಬಾದಿನ ಒಂದು ಗ್ಯಾರೇಜಿನಲ್ಲಿ ಶುರುಮಾಡಿ, ಊಟಿ, ಮಡಿಕೇರಿ, ಕೊಯಮತ್ತೂರಿನ ಕ್ಲಬ್ಬುಗಳನ್ನೆಲ್ಲ ವ್ಯಾನಿನಲ್ಲಿ ಸುತ್ತಿದೆವು. ನನ್ನದು ಟ್ರಂಪೆಟ್, ಜೊತೆಗೆ ಯಜಮಾನಿಕೆ.

ಎಲ್ಲರೂ ಕೂಡಿ ನುಡಿಸಿದ ಮೇಲೆ ಒಬ್ಬೊಬ್ಬರಿಗೂ ಒಂಟಿಯಾಗಿ ನುಡಿಸುವ ಸರದಿ ಬರುತ್ತದೆ. ಮಡಿಕೇರಿಯಲ್ಲೊಮ್ಮೆ ಜ್ವರದಲ್ಲಿದ್ದವನ ಸರದಿಯನ್ನು ಇನ್ನೊಬ್ಬ ನುಡಿಸಿ, ಇಬ್ಬರೂ ಕೈಕೈ ಮಿಲಾಯಿಸಿದರು. ಅಂದೇ ನಾನು ಕಟ್ಟಳೆ ಮಾಡಿದೆ: ನುಡಿಸಲಾಗದವರ ಸರದಿ ಖಾಲಿ ಇರಲಿ, ಡ್ರಮ್ ಮಾತ್ರ ತಾಳ ಹಾಕುತ್ತಿರಲಿ. ಈ ಕಟ್ಟಳೆಯ ಬಗ್ಗೆ ನನಗೆ ಎಲ್ಲಿಲ್ಲದ ಜಂಬ. ಹೊಸದಾಗಿ ಸೇರಿದವರಿಗೆಲ್ಲ ಮೊದಲು ಅದನ್ನೇ ಬೋಧಿಸುತ್ತಿದ್ದೆ.

ಈ ವರ್ಷ ಮುಂದಿನ ಹಲ್ಲುಗಳು ಹೋಗಿ ಕಟ್ಟಿಸಿದ ಹಲ್ಲು ಬಂತು. ಬ್ಯಾಂಡಿನವರಿಗೆ ಹೇಳಲಿಲ್ಲ. ಯಾದವಗಿರಿಯ ಬಂಗಲೆಯೊಂದರ ಹುಲ್ಲುಹಾಸಿನ ಮೇಲೆ ಕಾರ್ಯಕ್ರಮ. ಎಲ್ಲರ ಜೊತೆ ನುಡಿಸುವಾಗ ಹೇಗೋ ತೂರಿಕೊಂಡೆ. ನನ್ನ ಸರದಿಗೆ ಎದ್ದು ಊದಿದರೆ ಪುಸ್ಸೆಂದು ಗಾಳಿ ಬಂತು, ಜೊತೆಗೆ ಎಂಜಲು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. 'ನೀನು ನುಡಿಸಮ್ಮ' ಎಂದು ಕ್ಲಾರಿನೆಟ್ಟಿನಾಕೆಯನ್ನು ಕಣ್ಣಲ್ಲೇ ಬೇಡಿಕೊಂಡೆ. ಆಕೆ ಕ್ಲಾರಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದಳು. ಡ್ರಮ್ ಒಂದೇ ನಡೆಯುತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಇದಕ್ಕೇ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು, ಅದೂ ಬಿಡಲಿಲ್ಲ. ಬಾಯಿ ಒರೆಸಿಕೊಳ್ಳುತ್ತ ನಿಂತೇ ಇದ್ದೆ.

ವಾಪಸು ಬರುವಾಗ ವ್ಯಾನಿನಲ್ಲಿ ಹಲ್ಲಿನ ವಿಷಯ ಹೇಳಿದೆ. "ನಾನಿನ್ನು ಬರಲ್ಲ. ನನ್ನ ಸರದೀನ ಯಾರಾದ್ರೂ ನುಡಿಸ್ಬುಡಿ," ಅಂದೆ.

"ಅದೆಂಗಾಯ್ತದೆ ಕಣಣ್ಣ? ನೀವೇ ಮಾಡಿದ ರೂಲು ಅದು," ಎಂದ ಡ್ರಮ್ಮಿನವನು. ಮಾತಿನಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ. ಇದ್ದಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ಹೋದ ವಾರ ಅವರು ನಾನಿಲ್ಲದೆ ಊಟಿಗೆ ಹೋದರು. ನಾನೂ ನೋಡಲಿ ಎಂದು ಪ್ರೀತಿಯಿಂದ ವಿಡಿಯೋ ಕಾಲ್ ಹಚ್ಚಿಟ್ಟರು. ಹೆಂಡತಿ ಸೊಪ್ಪು ಬಿಡಿಸುತ್ತ ಪಕ್ಕದಲ್ಲಿ ಕೂತಿದ್ದಳು. ಕ್ಲಾರಿನೆಟ್ಟಿನ ಸರದಿ ಮುಗಿದು ನನ್ನದು ಬಂತು. ಯಾರೂ ನುಡಿಸಲಿಲ್ಲ. ಬದುಕಿರುವವನಿಗೇ ಎಡೆ ಇಟ್ಟ ಹಾಗೆ, ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು. ಡ್ರಮ್ ಮಾತ್ರ ಕೇಳುತ್ತಿತ್ತು.

"ಈಗ ಯಾರ ಸರದಿ ಕಣ್ರೀ?" ಎಂದಳು ಹೆಂಡತಿ.

ನಾನೂ ಒಂದು ಹಿಡಿ ಸೊಪ್ಪು ಎತ್ತಿಕೊಂಡೆ.

"ಡ್ರಮ್ಮಿನವನದು," ಎಂದೆ.