ಹನ್ನೆರಡನೆಯ ಗೆರೆ

ನೆಲದಡಿ ನೀರು ಎಲ್ಲಿದೆ ಎಂದು ಹುಡುಕುವ ಸರ್ವೆಯವರಿಗೆ ನಾನು ಅಡಾಪ್ಟರ್ ಕೇಬಲ್ ಮಾಡಿಕೊಡುತ್ತಿದ್ದೆ. ಅವರ ಯಂತ್ರ ಹೊಸದು, ಕೇಬಲ್ ಹಳೆಯದು. ಒಂದರ ಪ್ಲಗ್ ಇನ್ನೊಂದಕ್ಕೆ ಕೂರುವುದಿಲ್ಲ. ನಡುವೆ ಸಂಧಾನಕ್ಕೆ ನಾನು ಬೇಕು. ಜತ್ತ ಪಟ್ಟಣದಲ್ಲಿ ಅಪ್ಪ ಬಿಟ್ಟುಹೋದ ಮೈಕ್‌ಸೆಟ್ ಅಂಗಡಿಯಲ್ಲಿ ಕೂತು ಒಂದೊಂದೇ ಎಳೆಗೆ ಬೆಸುಗೆ ಹಾಕುತ್ತಿದ್ದೆ. ಹೆಂಗಸು ಬೆಸುಗೆ ಹಾಕುವುದನ್ನು ನೋಡಲು ನಿಂತವರಿಗೆ, "ಹೊಗಿ ಕಣ್ಣಿಗೆ ಬಡಿತೈತಿ, ಮುಂದ ಹೋಗ್ರಿ" ಎನ್ನುತ್ತಿದ್ದೆ.

ಮಾಡಗ್ಯಾಳ ಎಂಬ ಹಳ್ಳಿಯ ಸರ್ವೆ ಕೆಲಸದ ಮುನ್ನಾದಿನ ಪರೀಕ್ಷಿಸಿದರೆ, ಹಳೆಯ ಕೇಬಲ್ಲಿನ ಒಂದು ಎಳೆ ಒಳಗೇ ತುಂಡಾಗಿತ್ತು. ನೆಲದ ನಡುಕ ಹಿಡಿಯುವ ಹನ್ನೆರಡು ಸೆನ್ಸರ್‌ಗಳಲ್ಲಿ ಒಂದರ ಸುದ್ದಿ ಯಂತ್ರಕ್ಕೆ ಮುಟ್ಟುವಂತಿರಲಿಲ್ಲ. ಹೊಸ ಕೇಬಲ್ ಪುಣೆಯಿಂದ ಬರಬೇಕು. ಸರ್ವೆಯವರ ಸೂಪರ್‌ವೈಜರ್, ವಿಜಯಪುರದ ಕಡೆಯವನು, ಅವನಿಗೆ ಅಷ್ಟು ತಾಳ್ಮೆ ಎಲ್ಲಿಯದು?

"ಬಾಜೂದ್ ವೈರನ್ನ ಇದಕ್ಕೂ ಜೋಡಿಸಿಬಿಡ್ರಿ ಅಕ್ಕಾರ. ಪರದೆ ಮ್ಯಾಲ ಹನ್ನೆರಡೂ ಗೆರಿ ಕುಣದ್ರ ಆತು. ಯಾರ್ ಕೇಳ್ತಾರ?"

"ಅಲ್ಲೆ ನೆಲದಾಗ ಏನೈತಿ, ನಿಮಗ ಗೊತ್ತೇನ್ರಿ?"

"ಒಂದ ಗೆರಿ ಸಲುವಾಗಿ ಇಷ್ಟ್ಯಾಕ? ಈ ಹಂಗಾಮಿನ ಎಲ್ಲಾ ಕೇಬಲ್ಲೂ ನಿಮಗ ಕೊಡಾಂವ ಇದ್ನಿ. ಬ್ಯಾಡಂದ್ರ ಹೇಳ್ರಿ."

ಸಿಟ್ಟು ನೆತ್ತಿಗೇರಿತು. ಹೆದರಿಕೆಯೂ ಆಯಿತು, ಆ ಕೆಲಸ ನನಗೆ ಬೇಕಿತ್ತು. ಮದುವೆ ಪೆಂಡಾಲಿನಲ್ಲಿ ಅಪ್ಪ ಕೆಟ್ಟ ಹಾರ್ನನ್ನೂ ಮರಕ್ಕೆ ಕಟ್ಟುತ್ತಿದ್ದ, ಬೀಗರ ಕಣ್ಣಿಗೆ ತುಂಬಿ ಕಾಣಲಿ ಎಂದು. ನಾನೇ ಏಣಿ ಹಿಡಿದಿದ್ದೇನೆ. ಅದರಿಂದ ಯಾರ ಗಂಟೂ ಹೋಗಲಿಲ್ಲ. ಇಲ್ಲಿ ಹಾಗಲ್ಲ, ಯಂತ್ರ ತೋರಿಸಿದ ಕಡೆ ಊರವರು ಬೋರ್ ಕೊರೆಸುತ್ತಾರೆ.

"ಸತ್ತ ವೈರ್‌ಗೆ ಸುಳ್ಳ ಹೇಳೂದ ನಾ ಕಲಸೂದಿಲ್ರಿ" ಎಂದು, ಆ ಎಳೆಯ ಜಾಗ ಖಾಲಿ ಬಿಟ್ಟೇ ಅಡಾಪ್ಟರ್ ಮುಚ್ಚಿದೆ. ಮರುದಿನ ನಾನೇ ಅದನ್ನು ಹಿಡಿದುಕೊಂಡು ಮಾಡಗ್ಯಾಳಕ್ಕೆ ಹೋದೆ. ಅವನ ಕೈಗೆ ಕೊಟ್ಟರೆ ದಾರಿಯಲ್ಲಿ ಯಾರಿಂದಲಾದರೂ ಬಿಚ್ಚಿಸುತ್ತಾನೆಂಬ ಗುಮಾನಿ ನನಗೆ.

ನೆಲ ನಡುಗಿಸಲು ಹೊಲದಲ್ಲಿ ಕಬ್ಬಿಣದ ಹಲಗೆಯ ಮೇಲೆ ದೊಡ್ಡ ಸುತ್ತಿಗೆ ಬಿತ್ತು. ಯಂತ್ರದ ಪರದೆಯ ಮೇಲೆ ಹನ್ನೊಂದು ಗೆರೆ ಕುಣಿದವು. ಒಂದು ನೆಟ್ಟಗೆ ಮಲಗಿತ್ತು. ಕುರಿ ಮೇಯಲು ಬಿಟ್ಟು ನೋಡಲು ಬಂದಿದ್ದ ಮುದುಕಿ, "ಇದ್ಯಾಕವ್ವಾ ಅಳಗ್ಯಾಡೂದಿಲ್ಲ?" ಎಂದಳು. ಸೂಪರ್‌ವೈಜರ್ ನನ್ನತ್ತ ಕಣ್ಣು ಕೆಕ್ಕರಿಸಿದ.

ನೆರೆದವರಿಗೆಲ್ಲ ಕೇಳುವಂತೆಯೇ ಹೇಳಿದೆ: "ಅದರ ವೈರ್ ಕಡದೈತಿ, ಆಯಿ. ಅಲ್ಲೆ ಏನೈತಿ ನಮಗ ಗೊತ್ತಿಲ್ಲ. ಅಲ್ಲೆ ಯಾರರ ಗುರ್ತ ಹಾಕಿದ್ರ ಬೋರ್ ಹೊಡಸಬ್ಯಾಡ್ರಿ."

ಆಮೇಲೆ ಅವನ ಫೋನು ಬರಲಿಲ್ಲ. ಬರದಿದ್ದರೆ ಬೇಡ. ಅಂಗಡಿ ಇದೆ, ಕೈ ಇದೆ. ಆ ಹನ್ನೊಂದು ಗೆರೆಗಳನ್ನು ನೆಲ ಎಳೆದಿತ್ತು. ನೆಟ್ಟಗೆ ಮಲಗಿದ್ದು ನನ್ನದು.